ಮನೆಮಂದಿಯ ಕಲೆಗೊಂದು ಆನ್‌ಲೈನ್ ಗ್ಯಾಲರಿ: ಮೊದಲ ನೋಟ್‌ಬುಕ್ಕಿನಿಂದ ಪಾರ್ಸೆಲ್ ಕಟ್ಟುವವರೆಗೆ

ಎರಡು ವರ್ಷದ ಹಿಂದೆ ನೆಂಟರ ಮನೆ ಮದುವೆಗೆ ಹೋಗಿದ್ದೆವು. ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅವ್ವ ಅದರ ಎದುರು ನಿಂತವಳು ಅಲ್ಲಿಂದ ಕದಲಲೇ ಇಲ್ಲ. "ಇದು ನಾ ಬರೆದಿದ್ದಲ್ಲೇನೆ?" ಅಂದಳು. ಹೌದು, ಅವಳದ್ದೇ. ತೇರಿನ ಚಿತ್ತಾರ. ಎಡಗಡೆ ಮೂಲೆಯಲ್ಲಿ ಒಂದು ಎಳೆ ಸ್ವಲ್ಪ ಜಾರಿದ್ದಕ್ಕೆ ಅವ್ವ ಎರಡು ಚುಕ್ಕಿ ಇಟ್ಟು ಸರಿಮಾಡಿದ್ದಳು. ಆ ಎರಡು ಚುಕ್ಕಿಯೂ ಕ್ಯಾಲೆಂಡರಿನಲ್ಲಿ ಹಾಗೇ ಬಂದಿದ್ದವು. ಅಚ್ಚು ಹಾಕಿಸಿದವರ ಹೆಸರು ಕೆಳಗೆ ದೊಡ್ಡದಾಗಿತ್ತು, ಬರೆದವಳ ಹೆಸರು ಎಲ್ಲೂ ಇರಲಿಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಅವ್ವ ಹಸೆ ಚಿತ್ತಾರ ಬರೆಯುತ್ತಾಳೆ, ಅಂದರೆ ಮದುವೆಗೆ ಮನೆ ಗೋಡೆ ಮೇಲೆ ಬರೆಯುವ ಗೆರೆಗಳ ಚಿತ್ರ. ಈಗ ಹಾಳೆ, ಬಟ್ಟೆ, ಹಲಗೆ ಮೇಲೂ ಬರೆಯುತ್ತಾಳೆ. ಚಿಕ್ಕಿ ಭೂಮಣ್ಣಿ ಬುಟ್ಟಿ, ಅಂದರೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಚಿತ್ತಾರದ ಬುಟ್ಟಿ ಮಾಡುತ್ತಾಳೆ. ಅಪ್ಪ ಭತ್ತದ ತೆನೆಯಿಂದ ತೋರಣ ಹೆಣೆಯುತ್ತಾನೆ, ತಮ್ಮ ಜಲವರ್ಣದಲ್ಲಿ ಮಳೆ ಮತ್ತು ತೋಟ ಬಿಡಿಸುತ್ತಾನೆ. ನನಗೆ ಕೈಕಲೆ ಅಷ್ಟಾಗಿ ಬರಲಿಲ್ಲ, ಹಾಗಾಗಿ ಇವರೆಲ್ಲರ ಕೆಲಸ ಒಂದೆಡೆ ಕಾಣುವಂತೆ ಆನ್‌ಲೈನ್ ಗ್ಯಾಲರಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮ ಮನೆಯಲ್ಲೂ ಇಬ್ಬರು ಮೂವರು ಕಲೆ ಮಾಡುವವರಿದ್ದು, ಇಂಥದ್ದೊಂದು ಶುರು ಮಾಡಬೇಕು ಅನ್ನಿಸಿದ್ದರೆ ಇದನ್ನು ಓದಿ. ನಾವು ಕಲಿತಿದ್ದನ್ನೆಲ್ಲ ಹಂತಹಂತವಾಗಿ ಬರೆದಿದ್ದೇನೆ.

1. ವೆಬ್‌ಸೈಟು ಆಮೇಲೆ, ಮೊದಲು ನೋಟ್‌ಬುಕ್ಕು

ಎಲ್ಲರೂ ವೆಬ್‌ಸೈಟಿನಿಂದ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್ಕು ಒಂದು ತನ್ನಿ. ಮನೆಯಲ್ಲಿರುವ ಪ್ರತಿಯೊಂದು ಕೆಲಸಕ್ಕೂ ಒಂದು ನಂಬರ್ ಕೊಡಿ. ನಂಬರಿನ ಮುಂದೆ ಇಷ್ಟು ಬರೆಯಿರಿ: ಯಾರು ಮಾಡಿದ್ದು, ಯಾವ ವರ್ಷ, ಯಾವುದರ ಮೇಲೆ, ಯಾವ ಬಣ್ಣದಿಂದ, ಎತ್ತರ ಎಷ್ಟು ಅಗಲ ಎಷ್ಟು, ಮನೆಯಲ್ಲಿ ಅದನ್ನು ಏನಂತ ಕರೆಯುತ್ತೇವೆ, ಯಾರಿಂದ ಕಲಿತದ್ದು, ಈಗ ಎಲ್ಲಿದೆ.

ಕೊನೆಯ ಎರಡು ಕಾಲಂ ಬಿಡಬೇಡಿ. ಯಾಕೆ ಅಂದರೆ, ಗೋಡೆ ಮೇಲಿನ ಹಸೆ ಉಳಿಯುವುದಿಲ್ಲ. ಮದುವೆ ಮುಗಿದು ಒಂದೆರಡು ವರ್ಷಕ್ಕೆ ಗೋಡೆಗೆ ಮತ್ತೆ ಕೆಮ್ಮಣ್ಣು ಬಳಿಯುತ್ತಾರೆ, ಅಲ್ಲಿಗೆ ಹಳೆಯದು ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಎಷ್ಟೋ ಊರುಗಳ ಜೊತೆ ನಮ್ಮ ಅಜ್ಜಿಯ ತವರಿನ ಗೋಡೆಗಳೂ ಮುಳುಗಿದವು. ಆ ಗೋಡೆ ಮೇಲೆ ಏನಿತ್ತು ಅಂತ ಈಗ ಗೊತ್ತಿರುವುದು ಅವ್ವನ ಕೈಗೆ ಮಾತ್ರ. ಅವಳು ಅಜ್ಜಿಯಿಂದ ಕಲಿತಳು, ಅಜ್ಜಿ ತನ್ನ ಅತ್ತೆಯಿಂದ. ಇದನ್ನು ಬರೆದಿಡದಿದ್ದರೆ ನಮ್ಮ ನಂತರ ಬರುವವರಿಗೆ ಎಲ್ಲವೂ ಸುಮ್ನೆ ಒಂದು "ಜಾನಪದ ಚಿತ್ರ" ಆಗಿಬಿಡುತ್ತದೆ.

ಹೆಸರಿನ ಕಾಲಂ ತುಂಬುವಾಗ ಮನೆಯಲ್ಲೇ ವಾದ ಬರುತ್ತದೆ. ಅವ್ವ ಮೊದಲು ಒಪ್ಪಲಿಲ್ಲ.

"ಅದೆಂತಕ್ಕೆ ಹೆಸರು? ಗೋಡೆಗೆ ಯಾರಾದ್ರೂ ಹೆಸರು ಬರೀತಾರಾ?"

"ಗೋಡೆಗೆ ಬೇಡ ಅವ್ವ, ಪುಸ್ತಕಕ್ಕೆ."

"ಹಂಗಾರೆ ನಿನ್ನ ಅಜ್ಜಿ ಹೆಸರೂ ಹಾಕು."

ಹಾಕಿದೆ. ಹಾಗೇ ಚಿಕ್ಕಿಯ ಬುಟ್ಟಿಗಳ ವಿಷಯ ಬಂತು. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ಚಿಕ್ಕಿ. ಆದರೆ ಬಿದಿರು ಸೀಳಿ ಬುಟ್ಟಿ ಹೆಣೆಯುವವರು ಮೇದಾರರು. ನಾವು ಪ್ರತಿ ವರ್ಷ ಒಬ್ಬರ ಹತ್ತಿರವೇ ಕೊಳ್ಳುತ್ತೇವೆ. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಬುಟ್ಟಿಗಳ ಕೆಳಗೆ ಅವರ ಹೆಸರನ್ನೂ ಹಾಕಿದೆವು. ನಮ್ಮ ಹೆಸರು ಬಿಟ್ಟರು ಅಂತ ನೊಂದುಕೊಂಡ ನಾವು ಇನ್ನೊಬ್ಬರ ಹೆಸರು ಬಿಡುವುದು ಸರಿಯಲ್ಲ, ಅಲ್ವಾ?

ಬರೆದುಕೊಳ್ಳುವ ಜೊತೆಗೆ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಸಂದರ್ಶನದ ಹಾಗೆ ಎದುರು ಕೂರಿಸಬೇಡಿ, ಮಾತೇ ಹೊರಡುವುದಿಲ್ಲ. ಕೆಲಸ ಮಾಡುವಾಗ ಪಕ್ಕದಲ್ಲಿ ಫೋನ್ ಇಟ್ಟುಬಿಡಿ. ಒಂದು ಮಧ್ಯಾಹ್ನ ಅವ್ವ ಕಪ್ಪು ಬಣ್ಣ ಮಾಡುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಅಕ್ಕಿ ಹುರಿದು, ಕೆಂಪು ದಾಟಿ ಪೂರ್ತಿ ಕರಿ ಆಗುವವರೆಗೆ ಕೈಬಿಡದೆ ಕೆದಕಿ, ನೀರಿನಲ್ಲಿ ನೆನೆಸಿ, ಕಲ್ಲಿನಲ್ಲಿ ಅರೆಯುತ್ತಿದ್ದಳು. ಬೆರಳಿನಿಂದ ಒಂಚೂರು ತೆಗೆದು ಉಗುರಿನ ಮೇಲೆ ಎಳೆದು ನೋಡಿದಳು. "ಉಗುರು ಕಾಣ್ತದೆ, ಇನ್ನೂ ಅರೀಬೇಕು" ಅಂದಳು. ಬಣ್ಣ ಹದವಾಗಿದೆಯಾ ಅಂತ ಅವಳು ನೋಡುವ ರೀತಿ ಅದು. ನಾನು ನೂರು ಪ್ರಶ್ನೆ ಕೇಳಿದ್ದರೂ ಈ ಒಂದು ಮಾತು ಸಿಗುತ್ತಿರಲಿಲ್ಲ. ಈಗ ಗ್ಯಾಲರಿಯಲ್ಲಿ ಅವ್ವನ ಪುಟ ತೆರೆದರೆ ಮೊದಲು ಬರುವುದು ಇದೇ ಮಾತು.

2. ಫೋಟೊ: ಇಲ್ಲಿ ಅವಸರ ಬೇಡವೇ ಬೇಡ

ದೊಡ್ಡ ಕ್ಯಾಮೆರಾ ಬೇಕಿಲ್ಲ. ನಾವು ಈಗಲೂ ಫೋನಿನಲ್ಲೇ ತೆಗೆಯುತ್ತೇವೆ. ಬೇಕಾದ್ದು ಬೆಳಕು, ಮತ್ತು ಫೋನನ್ನು ನೆಟ್ಟಗೆ ಹಿಡಿಯುವ ತಾಳ್ಮೆ.

ಬೆಳಕಿನ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಚಿತ್ರದ ಫೋಟೊಕ್ಕೆ ಮೋಡದ ಬೆಳಕಿಗಿಂತ ಒಳ್ಳೆಯದು ಇಲ್ಲ, ಆ ಮೋಡ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದಷ್ಟು ಇರುತ್ತದೆ. ಜೋರು ಮಳೆ ನಿಂತು ಆಕಾಶ ಬೆಳ್ಳಗೆ ಬೂದು ಬಣ್ಣಕ್ಕಿರುವ ಹೊತ್ತಿನಲ್ಲಿ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ಜಗಲಿಯ ಮಾಡಿನ ಅಂಚಿಗೆ ಚಿತ್ರ ತಂದು ನಿಲ್ಲಿಸಿ. ನೇರ ಬಿಸಿಲು ಬೇಡ. ಫ್ಲ್ಯಾಶ್ ಬೇಡವೇ ಬೇಡ. ಮನೆಯೊಳಗಿನ ಬಲ್ಬು, ಟ್ಯೂಬ್‌ಲೈಟು ಆರಿಸಿ. ಹಗಲಿನ ಬೆಳಕು, ಬಲ್ಬಿನ ಬೆಳಕು ಎರಡೂ ಸೇರಿದರೆ ಚಿತ್ರದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗಿ ಬರುತ್ತದೆ.

ನಮಗೆ ತುಂಬಾ ದಿನ ಅರ್ಥವಾಗದ ಒಂದು ಸಮಸ್ಯೆ ಇತ್ತು. ಅವ್ವನ ಚಿತ್ರದ ಬಿಳಿ ಎಳೆಗಳು ಫೋಟೊದಲ್ಲಿ ಯಾವಾಗಲೂ ಗುಲಾಬಿ ಛಾಯೆಗೆ ತಿರುಗುತ್ತಿದ್ದವು. ಫೋನ್ ಬದಲಾಯಿಸಿದೆವು, ಸೆಟ್ಟಿಂಗ್ ಬದಲಾಯಿಸಿದೆವು, ಹೋಗಲಿಲ್ಲ. ಕೊನೆಗೆ ತಮ್ಮ ಕಂಡುಹಿಡಿದ. ನಮ್ಮ ಜಗಲಿ ನೆಲ ಕೆಂಪು ರೆಡ್‌ಆಕ್ಸೈಡಿನದ್ದು, ಮೇಲಿನಿಂದ ಬಿದ್ದ ಬೆಳಕು ನೆಲಕ್ಕೆ ತಾಗಿ ಕೆಂಪಾಗಿ ಚಿತ್ರದ ಮೇಲೆ ಬೀಳುತ್ತಿತ್ತು. ನೆಲದ ಮೇಲೆ ಒಂದು ಬಿಳಿ ಪಂಚೆ ಹಾಸಿದೆವು, ಅಷ್ಟೇ, ಬಿಳಿ ಬಿಳಿಯಾಯಿತು. ಫೋಟೊ ತೆಗೆಯುವವರು ಕೆಂಪು, ಹಸಿರು ಅಂಗಿ ಹಾಕಿಕೊಂಡಿದ್ದರೂ ಹೀಗೇ ಆಗುತ್ತದೆ. ಬಿಳಿ ಅಥವಾ ಬೂದು ಬಣ್ಣದ್ದು ಹಾಕಿಕೊಳ್ಳಿ.

ಇನ್ನು ನೆಟ್ಟಗೆ ಹಿಡಿಯುವುದು. ಫೋನ್ ಸ್ವಲ್ಪ ವಾಲಿದರೂ ಚೌಕದ ಚಿತ್ರ ಕೆಳಗೆ ಅಗಲ, ಮೇಲೆ ಕಿರಿದಾಗಿ ಬರುತ್ತದೆ. ಹಸೆ ಚಿತ್ತಾರ ಪೂರ್ತಿ ನಿಂತಿರುವುದೇ ಗೆರೆಗಳ ಮೇಲೆ, ಅದರಲ್ಲಿ ಇದು ಎದ್ದು ಕಾಣುತ್ತದೆ. ಇದಕ್ಕೊಂದು ಸುಲಭದ ಉಪಾಯ ಇದೆ. ಚಿತ್ರ ಇಡುವ ಜಾಗದ ನಡುಮಧ್ಯಕ್ಕೆ ಸಣ್ಣ ಕನ್ನಡಿಯೊಂದನ್ನು ಚಪ್ಪಟೆಯಾಗಿ ಅಂಟಿಸಿ. ಫೋನಿನ ಪರದೆಯಲ್ಲಿ ನೋಡಿದಾಗ ಆ ಕನ್ನಡಿಯೊಳಗಿನ ಫೋನಿನ ಲೆನ್ಸು ಪರದೆಯ ನಟ್ಟನಡುವೆ ಕಂಡರೆ ನೀವು ಸರಿಯಾಗಿ ಎದುರಿಗಿದ್ದೀರಿ ಅಂತ ಅರ್ಥ. ಸ್ಟ್ಯಾಂಡಿಗೆ ಫೋನ್ ಬಿಗಿದು, ಕನ್ನಡಿ ತೆಗೆದು, ಅದೇ ಗೋಡೆಗೆ ಚಿತ್ರ ತಾಗಿಸಿ ಇಡಿ.

ಹತ್ತಿರ ಹೋಗಬೇಡಿ. ಎರಡು ಹೆಜ್ಜೆ ಹಿಂದೆ ನಿಂತು, ನಿಮ್ಮ ಫೋನಿನಲ್ಲಿ ಎರಡು ಪಟ್ಟಿನ ಬೇರೆ ಲೆನ್ಸು ಇದ್ದರೆ ಅದರಲ್ಲಿ ತೆಗೆಯಿರಿ, ಇಲ್ಲದಿದ್ದರೆ ಮಾಮೂಲಿ ಲೆನ್ಸಿನಲ್ಲೇ ತೆಗೆದು ಸುತ್ತಲಿನದ್ದನ್ನು ಆಮೇಲೆ ಕತ್ತರಿಸಿ. ತೀರಾ ಹತ್ತಿರದಿಂದ ತೆಗೆದರೆ ಅಂಚುಗಳು ಉಬ್ಬುತ್ತವೆ. ಲೆನ್ಸು ಒರೆಸಿ. ಫಿಲ್ಟರ್, ಬ್ಯೂಟಿ ಅಂತ ಏನೇನಿದೆಯೋ ಎಲ್ಲ ತೆಗೆದುಬಿಡಿ. 3 ಸೆಕೆಂಡಿನ ಟೈಮರ್ ಇಡಿ, ಬೆರಳು ತಾಗಿದ ಅಲುಗಾಟ ನಿಲ್ಲುತ್ತದೆ. ಪ್ರತಿ ಚಿತ್ರದ ಮೊದಲ ಫೋಟೊದಲ್ಲಿ ಪಕ್ಕಕ್ಕೆ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆಮೇಲೆ ಬಣ್ಣ ಸರಿಮಾಡುವಾಗ ಆ ಹಾಳೆ ಬಿಳಿಯಾಗುವವರೆಗೆ ತಿದ್ದಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಗಾಜಿನ ಚೌಕಟ್ಟು ಹಾಕಿಸುವ ಮೊದಲೇ ಫೋಟೊ ತೆಗೆದುಕೊಂಡುಬಿಡಿ.

ಒಂದು ಕೆಲಸಕ್ಕೆ ಮೂರು ಫೋಟೊ ಸಾಕು. ಪೂರ್ತಿ ಚಿತ್ರ ಒಂದು. ಒಂದು ಗೇಣು ದೂರದಿಂದ ಒಂದು, ಪುಂಡಿನಾರಿನ ಕುಂಚ ಎಳೆ ಎಳೆದಲ್ಲಿ ನಾರಿನ ಸಣ್ಣ ಸಣ್ಣ ಗುರುತು ಕಾಣುವ ಹಾಗೆ. ಅಳತೆ ಗೊತ್ತಾಗಲು ಕೈಯಲ್ಲಿ ಹಿಡಿದದ್ದು ಅಥವಾ ಗೋಡೆಗೆ ತೂಗುಹಾಕಿದ್ದು ಒಂದು. ಆ ಎರಡನೇ ಫೋಟೊ ನೋಡಿಯೇ ಜನ ಕೇಳುತ್ತಾರೆ, ಇದು ಯಂತ್ರದ್ದಲ್ಲ ಅಂತ ಅವರಿಗೆ ಮನದಟ್ಟಾಗುವುದು ಅಲ್ಲಿ.

ಗೋಡೆ ಮೇಲಿನ ಹಸೆಯನ್ನು ಜಗಲಿಗೆ ತರಲಾಗುವುದಿಲ್ಲ. ಅಲ್ಲೇ ಬಾಗಿಲು ಕಿಟಕಿ ಪೂರ್ತಿ ತೆಗೆದು, ಬರೆದು ಒಣಗಿದ ಮಾರನೇ ದಿನವೇ ತೆಗೆಯಿರಿ. ಮದುವೆ ಮುಗಿದ ಮೇಲೆ ಅಂದುಕೊಂಡರೆ ಅಷ್ಟೊತ್ತಿಗೆ ಅರಿಶಿನದ ಕೈ, ಎಣ್ಣೆ ಕೈ ಎಲ್ಲ ತಾಗಿರುತ್ತದೆ. ಗೋಡೆ ದೊಡ್ಡದಿದ್ದರೆ ಪನೋರಮಾ ಬಳಸಬೇಡಿ, ಗೆರೆ ಬಳುಕುತ್ತದೆ. ಭಾಗ ಭಾಗವಾಗಿ ನೇರ ನಿಂತು ತೆಗೆದು, ಆಮೇಲೆ ಜೋಡಿಸಲು ಆಗುವಂತೆ ಒಂದು ಫೋಟೊದ ಮೂರನೇ ಒಂದು ಭಾಗ ಪಕ್ಕದ ಫೋಟೊದಲ್ಲೂ ಬರುವ ಹಾಗೆ ನೋಡಿಕೊಳ್ಳಿ.

ಬುಟ್ಟಿಗೆ ಬೇರೆಯೇ ಕ್ರಮ. ಬೆಳಕು ಎದುರಿನಿಂದ ಬೇಡ, ಒಂದು ಬದಿಯಿಂದ ಬರಲಿ. ಆಗ ಬಿದಿರಿನ ಹೆಣಿಗೆಯ ಏರಿಳಿತ ಕಾಣುತ್ತದೆ. ಹಿಂದುಗಡೆ ನಾವು ಅಜ್ಜನ ಕರಿ ಕಂಬಳಿ ಕಟ್ಟುತ್ತೇವೆ. ಬೆಳಕನ್ನು ಹೊಳೆಯದೆ ನುಂಗುವುದರಲ್ಲಿ ಅದಕ್ಕಿಂತ ಒಳ್ಳೆಯ ಪರದೆ ನನಗೆ ಇದುವರೆಗೂ ಸಿಕ್ಕಿಲ್ಲ.

3. ಫೈಲುಗಳನ್ನು ಇಡುವುದು

ಫೋಟೊದ ಹೆಸರು, ನೋಟ್‌ಬುಕ್ಕಿನ ನಂಬರ್ ಒಂದೇ ಇರಲಿ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ಮಾಡಿದವರ ಹೆಸರು, ವರ್ಷ, ನಂಬರ್ ಈ ಕ್ರಮದಲ್ಲಿ ಇಡಿ. ಐದು ವರ್ಷ ಬಿಟ್ಟು ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಮೂಲ ಫೋಟೊ ಮುಟ್ಟಬೇಡಿ. ಅದರ ಪ್ರತಿಯೊಂದನ್ನು ಮಾಡಿ, ಉದ್ದನೆಯ ಬದಿ 1600 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 80ರಲ್ಲಿ ಉಳಿಸಿ, ಗ್ಯಾಲರಿಗೆ ಅದನ್ನೇ ಏರಿಸಿ. 1600 ಯಾಕೆ ಅಂದರೆ ಎರಡು ಕಾರಣ. ಪರದೆ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಒಳ್ಳೆಯ ಗುಣಮಟ್ಟದ ಅಚ್ಚಿಗೆ ಒಂದಿಂಚಿಗೆ 300 ಚುಕ್ಕಿ ಬೇಕು, ಆ ಲೆಕ್ಕದಲ್ಲಿ ಇದು ಹದಿಮೂರೂವರೆ ಸೆಂಟಿಮೀಟರಿಗಿಂತ ದೊಡ್ಡದಾಗುವುದಿಲ್ಲ. ಹಿಗ್ಗಿಸಿದಷ್ಟೂ ಮಂಕಾಗುತ್ತದೆ. ಕ್ಯಾಲೆಂಡರಿನ ಕಥೆ ಆದಮೇಲೆ ನಾವು ಈ ಅಳತೆಗೆ ಬಂದೆವು. ಇನ್ನೊಂದು ಕಾರಣ ಸಿಗ್ನಲ್. ನಮ್ಮೂರಲ್ಲೇ ಗುಡ್ಡ ಹತ್ತಿದರೆ ಮಾತ್ರ ಇಂಟರ್ನೆಟ್ ಬರುವ ಮನೆಗಳಿವೆ. ಹೊಸ ಪುಟ ಹಾಕಿದಾಗಲೆಲ್ಲ ನಾನು ತೋಟದ ಕೆಳಗಿನ ತುದಿಗೆ, ಒಂದೇ ಕಡ್ಡಿ ಸಿಗ್ನಲ್ ಇರುವ ಜಾಗಕ್ಕೆ ಹೋಗಿ ತೆರೆದು ನೋಡುತ್ತೇನೆ. ಅಲ್ಲಿ ತೆರೆದುಕೊಂಡರೆ ಎಲ್ಲ ಕಡೆ ತೆರೆದುಕೊಳ್ಳುತ್ತದೆ.

ಮೂಲ ಫೋಟೊಗಳ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಒಂದು. ನಮ್ಮ ಮೂರನೆಯದು ಶಿವಮೊಗ್ಗದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಮುಂಗಾರಿನ ಮೊದಲ ಗುಡುಗಿಗೆ ಮೋಡೆಮ್ಮು, ಕಂಪ್ಯೂಟರ್ ಸುಟ್ಟ ಮನೆ ನಮ್ಮ ಕಡೆ ಎಷ್ಟಿಲ್ಲ? ಗುಡುಗು ಕೇಳಿಸಿದ ಕೂಡಲೇ ಪ್ಲಗ್ಗು, ನೆಟ್ ವೈರು ಎರಡನ್ನೂ ಕಿತ್ತಿಡಿ.

4. ಗ್ಯಾಲರಿಗೊಂದು ವಿಳಾಸ

ಇನ್‌ಸ್ಟಾಗ್ರಾಂ, ವಾಟ್ಸಾಪ್ ಎಲ್ಲ ಬೇಕು, ಅಲ್ಲಿ ಜನ ಇದ್ದಾರೆ. ಆದರೆ ಅವು ಸಂತೆ ಇದ್ದ ಹಾಗೆ. ಇವತ್ತು ಹಾಕಿದ್ದು ನಾಳೆ ಕೆಳಗೆ ಹೋಗುತ್ತದೆ, ಹೋದ ವರ್ಷದ ಬುಟ್ಟಿ ಹುಡುಕಲು ಯಾರಿಗೂ ಆಗುವುದಿಲ್ಲ. ಮನೆ ಅಂತ ಒಂದು ಬೇರೆ ಇರಬೇಕು.

ಶುರುವಿಗೆ ಗೂಗಲ್ ಸೈಟ್ಸ್ ಸಾಕು, ದುಡ್ಡು ಬೇಕಿಲ್ಲ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಸ್ವಲ್ಪ ಕಲಿಯುವ ಮನಸ್ಸಿದ್ದರೆ ವರ್ಡ್‌ಪ್ರೆಸ್ ಇನ್ನೂ ಒಳ್ಳೆಯದು. ಯಾವುದೇ ಆಗಲಿ, ಸ್ವಂತ ಡೊಮೇನ್ ಹೆಸರು ಕೊಂಡುಕೊಳ್ಳಿ. ಮುಂದೆ ಸೈಟು ಬದಲಾಯಿಸಿದರೂ ವಿಳಾಸ ನಿಮ್ಮದೇ ಇರುತ್ತದೆ. ಹೆಸರು ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ. "ಚಿತ್ತಾರ" ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ನಾವು ಅದಕ್ಕೇ ಆ ಪದ ಬಿಟ್ಟು ಮನೆ ಹೆಸರು ಇಟ್ಟೆವು.

ಡೊಮೇನ್ ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಬೇಕು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಮೊದಲ ಸೈಟನ್ನು ಪರಿಚಯದವರೊಬ್ಬರು ಮಾಡಿಕೊಟ್ಟಿದ್ದರು, ಎಲ್ಲವೂ ಅವರ ಖಾತೆಯಲ್ಲಿತ್ತು. ಅವರು ಬೇರೆ ಊರಿಗೆ ಹೋದರು, ನಂಬರ್ ಬದಲಾಯಿತು, ವರ್ಷದ ದುಡ್ಡು ಕಟ್ಟುವ ದಿನ ಯಾರಿಗೂ ನೆನಪಾಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಸೈಟೇ ಇಲ್ಲ. ಅವ್ವನ ಪುಟಕ್ಕೆ ಬರೆದಿದ್ದ ಮಾತುಗಳ ಪ್ರತಿ ಕೂಡ ನನ್ನ ಹತ್ತಿರ ಇರಲಿಲ್ಲ, ಮತ್ತೆ ಮೊದಲಿನಿಂದ ಕೂತು ಬರೆದೆವು. ಈಗ ಪಾಸ್‌ವರ್ಡುಗಳನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇವೆ. ನನಗೂ ತಮ್ಮನಿಗೂ ಇಬ್ಬರಿಗೂ ಗೊತ್ತು.

5. ಪುಟಗಳು ಮನುಷ್ಯರ ಹೆಸರಿನಲ್ಲಿರಲಿ

"ಚಿತ್ರಗಳು", "ಬುಟ್ಟಿಗಳು", "ತೋರಣಗಳು" ಅಂತ ವಿಂಗಡಿಸಬೇಡಿ. ಅದು ಅಂಗಡಿಯ ಕ್ರಮ. ಪ್ರತಿಯೊಬ್ಬರಿಗೂ ಒಂದೊಂದು ಪುಟ ಕೊಡಿ. ಮೇಲೆ ಕೆಲಸ ಮಾಡುತ್ತಿರುವಾಗಿನ ಒಂದು ಫೋಟೊ. ಅದರ ಕೆಳಗೆ ಅವರದ್ದೇ ಮಾತಿನಲ್ಲಿ ನಾಲ್ಕೈದು ಸಾಲು. ಆಮೇಲೆ ಹತ್ತು ಹನ್ನೆರಡು ಕೆಲಸ, ಅದಕ್ಕಿಂತ ಜಾಸ್ತಿ ಬೇಡ. ಅಪ್ಪ ತನ್ನ ನಲವತ್ತು ತೋರಣವೂ ಇರಲಿ ಅಂದ. ಎಲ್ಲ ಹಾಕಿದರೆ ಯಾವುದನ್ನೂ ಯಾರೂ ನಿಂತು ನೋಡುವುದಿಲ್ಲ. ಉಳಿದವು ನೋಟ್‌ಬುಕ್ಕಿನಲ್ಲಿ ಇದ್ದೇ ಇರುತ್ತವೆ.

ಪ್ರತಿ ಕೆಲಸದ ಕೆಳಗೆ ಬರೆಯುವುದು ಹೀಗಿರಲಿ. ಚಿಕ್ಕಿಯ ಬುಟ್ಟಿಗೆ ನಾವು ಬರೆದದ್ದು:

"ಭೂಮಣ್ಣಿ ಬುಟ್ಟಿ. ಬಿದಿರು, ಸಗಣಿ, ಕೆಮ್ಮಣ್ಣು, ಅಕ್ಕಿ ಹಿಟ್ಟು. ಭೂಮಿ ಹುಣ್ಣಿಮೆಗೆ ಮಾಡಿದ್ದು. ಹಬ್ಬದ ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಾಗುವ ಮುಂಚೆ ಇದರಲ್ಲಿ ಎಡೆ ತುಂಬಿ ಗದ್ದೆಗೆ ಒಯ್ಯುತ್ತೇವೆ. ಇದರ ಜೊತೆಯ ಸಣ್ಣದು ಹಚ್ಚಂಬಲಿ ಬುಟ್ಟಿ."

"ಸಾಂಪ್ರದಾಯಿಕ ಸೊಗಡಿನ ಅಪರೂಪದ ಕಲಾಕೃತಿ" ಅಂತೆಲ್ಲ ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. ವಸ್ತು ಯಾವುದು, ಯಾವಾಗ ಬಳಸುತ್ತಾರೆ, ಯಾರು ಮಾಡಿದರು, ಇಷ್ಟು ಹೇಳಿ. ಬಣ್ಣಗಳ ಹೆಸರನ್ನೂ ಮನೆಯಲ್ಲಿ ಹೇಳುವಂತೆಯೇ ಬರೆಯಿರಿ: ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ.

ಕನ್ನಡ ಟೈಪ್ ಮಾಡುವಾಗ ಒಂದು ಎಚ್ಚರ. "ನುಡಿ", "ಬರಹ" ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಯುನಿಕೋಡ್ ಅಕ್ಷರದಲ್ಲೇ ಇರಬೇಕು. ಫೋನಿನ ಕೀಬೋರ್ಡು ಯುನಿಕೋಡೇ, ಹಾಗಾಗಿ ಫೋನಿನಲ್ಲಿ ಬರೆದರೆ ಚಿಂತೆ ಇಲ್ಲ. ಪೋಸ್ಟರ್ ಥರ ಚಿತ್ರದೊಳಗೇ ಅಕ್ಷರ ಬರೆದು ಹಾಕುವುದನ್ನೂ ಬಿಡಿ. ಹುಡುಕುವವರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ಪ್ರತಿ ಫೋಟೊಕ್ಕೂ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ. ಕನ್ನಡದ ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಇದ್ದರೆ ಹೊರಗಿನವರಿಗೆ ಅನುಕೂಲ.

6. ಹಕ್ಕು: ಪ್ರತಿಯೊಂದು ಮನೆಯೂ ತಿಳಿದಿರಬೇಕಾದದ್ದು

ಕ್ಯಾಲೆಂಡರ್ ನೋಡಿ ಬಂದಮೇಲೆ ನಾನು ಕೂತು ಓದಿದ್ದು ಇದನ್ನೇ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ ಪ್ರಕಾರ ಅವ್ವ ಒಂದು ಚಿತ್ರ ಬರೆದು ಮುಗಿಸಿದ ಕ್ಷಣದಿಂದಲೇ ಅದರ ಹಕ್ಕು ಅವಳದ್ದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ, ಮಾಡಿಸಿದರೆ ಮುಂದೆ ತಕರಾರು ಬಂದಾಗ ಸಾಕ್ಷಿಗೆ ಅನುಕೂಲ. ಹಕ್ಕು ಕಲಾವಿದರ ಜೀವಮಾನ ಪೂರ್ತಿ ಇರುತ್ತದೆ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಮನೆಯವರಿಗೆ ಉಳಿಯುತ್ತದೆ.

ಹಸೆ ಚಿತ್ತಾರ ಅನ್ನುವ ಪದ್ಧತಿ ಯಾರೊಬ್ಬರದ್ದೂ ಅಲ್ಲ, ತೇರು ಬರೆಯುವ ಕ್ರಮ ಎಲ್ಲ ಮನೆಯವರದ್ದು. ಆದರೆ ಆ ಎರಡು ಚುಕ್ಕಿ ಇರುವ ಆ ತೇರು ಅವ್ವನದ್ದು. ಯಾರಾದರೂ "ಇದು ಜಾನಪದ, ಯಾರು ಬೇಕಾದರೂ ಬಳಸಬಹುದು" ಅಂದರೆ ಈ ವ್ಯತ್ಯಾಸ ಹೇಳಿ.

ಚಿತ್ರ ಮಾರಿದರೆ ಮಾರಿದ್ದು ಆ ಹಾಳೆಯನ್ನು ಮಾತ್ರ. ಅದನ್ನು ಅಚ್ಚು ಹಾಕಿಸುವ ಹಕ್ಕು ತಾನಾಗಿ ಕೊಂಡವರಿಗೆ ಹೋಗುವುದಿಲ್ಲ. ಆದರೆ ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. ಯಾರೋ ದುಡ್ಡು ಕೊಟ್ಟು "ನಮಗೆ ಇಂಥದ್ದೊಂದು ಬರೆದುಕೊಡಿ" ಅಂತ ಮೊದಲೇ ಹೇಳಿ ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಮಾಡಿಸಿದವರದ್ದೇ ಆಗುತ್ತದೆ. ಆದ್ದರಿಂದ ಆರ್ಡರ್ ಹಿಡಿಯುವಾಗಲೇ "ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ" ಅಂತ ಒಂದು ಸಾಲು ಬರೆದು, ಅವರಿಂದ ಸಹಿ ಹಾಕಿಸಿಕೊಳ್ಳಿ.

ಹಕ್ಕು ಬರೆದುಕೊಡುವುದಾದರೆ ಕಾಗದದಲ್ಲೇ ಆಗಬೇಕು. ಯಾವುದಕ್ಕೆ, ಎಷ್ಟು ವರ್ಷ, ಎಲ್ಲಿ, ಎಷ್ಟು ದುಡ್ಡು ಎಲ್ಲ ಬರೆಯಿರಿ. ಅವಧಿ ಬರೆಯದೆ ಬಿಟ್ಟರೆ ಕಾನೂನು ಅದನ್ನು 5 ವರ್ಷ ಅಂತ ಲೆಕ್ಕ ಹಿಡಿಯುತ್ತದೆ. ಜಾಗ ಬರೆಯದಿದ್ದರೆ ಇಡೀ ಭಾರತ ಅಂತ ಹಿಡಿಯುತ್ತದೆ. ಇನ್ನು ನನಗೆ ಬಹಳ ಸಮಾಧಾನ ಕೊಟ್ಟದ್ದು 57ನೇ ಸೆಕ್ಷನ್. ಹಕ್ಕನ್ನೇ ಬರೆದುಕೊಟ್ಟ ಮೇಲೂ "ಇದು ನಾನು ಮಾಡಿದ್ದು" ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದರ ಹತ್ತಿರವೇ ಉಳಿಯುತ್ತದೆ. ಅದನ್ನು ಅವ್ವನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು.

ನಿಮ್ಮ ಕೆಲಸ ಎಲ್ಲಾದರೂ ಹೆಸರಿಲ್ಲದೆ ಕಂಡರೆ ಮೊದಲು ತಾರೀಖು ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಸೌಜನ್ಯದಿಂದಲೇ ಬರೆಯಿರಿ, ಹೆಸರು ಹಾಕಿ ಅಥವಾ ತೆಗೆಯಿರಿ ಅಂತ. ಬಹಳ ಜನ ಹೆಸರು ಹಾಕುತ್ತಾರೆ. ಕೇಳದಿದ್ದರೆ ಆ ಜಾಲತಾಣಕ್ಕೇ ಕೃತಿಸ್ವಾಮ್ಯದ ದೂರು ಕೊಡುವ ಫಾರ್ಮ್ ಇರುತ್ತದೆ, ನಿಮ್ಮ ನೋಟ್‌ಬುಕ್ಕು ಮತ್ತು ಮೂಲ ಫೋಟೊ ಅಲ್ಲಿ ಕೆಲಸಕ್ಕೆ ಬರುತ್ತದೆ. ಚಿತ್ರದ ನಟ್ಟನಡುವೆ ದೊಡ್ಡ ವಾಟರ್‌ಮಾರ್ಕ್ ಹಾಕುವುದು ನನಗೆ ಸರಿ ಕಾಣುವುದಿಲ್ಲ, ನೋಡಲು ಬಂದವರಿಗೂ ಅದು ಅಡ್ಡ. ಮೂಲೆಯಲ್ಲಿ ಸಣ್ಣದಾಗಿ ಹೆಸರಿದ್ದರೆ ಸಾಕು.

7. ಬೆಲೆ ಮತ್ತು ದುಡ್ಡು

ಬೆಲೆ ಬರೆಯಿರಿ. "ಬೆಲೆಗೆ ಸಂಪರ್ಕಿಸಿ" ಅಂದರೆ ಅರ್ಧ ಜನ ಸಂಕೋಚಕ್ಕೆ ಕೇಳುವುದೇ ಇಲ್ಲ. ಎಷ್ಟು ದಿನ ಹಿಡಿಯಿತು ನೋಡಿ, ನಮ್ಮೂರಿನ ಒಂದು ದಿನದ ಕೂಲಿಗಿಂತ ಕಮ್ಮಿ ಇಲ್ಲದ ಹಾಗೆ ಲೆಕ್ಕ ಹಾಕಿ, ಅದಕ್ಕೆ ಸಾಮಾನು, ಚೌಕಟ್ಟು, ಪ್ಯಾಕಿಂಗ್ ಸೇರಿಸಿ. ಅವ್ವ ಮೊದಲು ಬಣ್ಣ ಮಾಡುವ ದಿನಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅದೂ ಕೆಲಸವೇ.

ದುಡ್ಡು ಮಾಡಿದವರ ಸ್ವಂತ ಖಾತೆಗೇ ಹೋಗಲಿ. ಅವ್ವನ ಚಿತ್ರಕ್ಕೆ ಅವ್ವನ ಯುಪಿಐ, ಚಿಕ್ಕಿಯ ಬುಟ್ಟಿಗೆ ಚಿಕ್ಕಿಯದ್ದು. ಎಲ್ಲ ಒಂದೇ ಖಾತೆಗೆ ಬಂದರೆ ಲೆಕ್ಕ ಸುಲಭ, ನಿಜ. ಆದರೆ ಹೆಂಗಸರ ಕೈಗೆ ದುಡ್ಡು ಬರುವುದು ನಿಂತುಹೋಗುತ್ತದೆ. ಸೈಟಿನ ಖರ್ಚಿಗೆ ಎಲ್ಲರೂ ನೂರಕ್ಕೆ ಹತ್ತು ಕೊಡುವುದು ಅಂತ ನಮ್ಮಲ್ಲಿ ಮಾತಾಗಿದೆ.

ಕರಕುಶಲ ಕೆಲಸದವರಿಗೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಪೆಹಚಾನ್ ಅನ್ನುವ ಗುರುತಿನ ಚೀಟಿ ಕೊಡುತ್ತದೆ. ಸರ್ಕಾರದ ಮೇಳಗಳಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆ, ಪ್ರತಿಯೊಬ್ಬರೂ ಅವರವರ ಹೆಸರಿನಲ್ಲಿ ಮಾಡಿಸಿಕೊಳ್ಳಿ.

8. ಮಳೆಗಾಲದಲ್ಲಿ ಪಾರ್ಸೆಲ್

ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಬೂಸ್ಟಿಗೇನೂ ಕಮ್ಮಿಯಿಲ್ಲ. ಹೊಸದಾಗಿ ಬರೆದ ಚಿತ್ರವನ್ನು ಆಷಾಢದಲ್ಲಿ ಮರುದಿನವೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ವಾರದೊಳಗೆ ಬಿಳಿ ಬೂಸ್ಟು ಬರುತ್ತದೆ, ಅಕ್ಕಿ ಹಿಟ್ಟಿಗಂತೂ ಇನ್ನೂ ಬೇಗ. ನಾವು ಮಳೆಗಾಲದಲ್ಲಿ ಚಿತ್ರವನ್ನು ಒಲೆ ಇರುವ ಕೋಣೆಯ ಪಕ್ಕದಲ್ಲಿ, ಹೊಗೆ ತಾಗದ ಹಾಗೆ, ಎರಡು ವಾರ ಒಣಗಲು ಬಿಡುತ್ತೇವೆ. ಬಿಸಿಲಿಗೆ ಇಡಬೇಡಿ, ಮಣ್ಣಿನ ಬಣ್ಣ ಬಿರಿಯುತ್ತದೆ. ಬುಟ್ಟಿ ಮಾತ್ರ ಮೊದಲಿನಿಂದ ಅಟ್ಟದ ಮೇಲೇ ಇರುವುದು, ಒಲೆಯ ಹೊಗೆಗೆ ಹುಳ ಹತ್ತುವುದಿಲ್ಲ.

ಬಟ್ಟೆ ಮೇಲಿನ ಚಿತ್ರವನ್ನು ಸುತ್ತುವಾಗ ಬಣ್ಣದ ಮುಖ ಹೊರಗೆ ಬರಲಿ. ಒಳಗೆ ಮಾಡಿ ಸುತ್ತಿದರೆ ಬಣ್ಣ ಮಡಚಿಕೊಂಡು ಉದುರುತ್ತದೆ. ಮೇಲೆ ತೆಳು ಬಿಳಿ ಕಾಗದ, ಅದರ ಮೇಲೆ ಪ್ಲಾಸ್ಟಿಕ್, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ, ಎಲ್ಲವೂ ಒಂದು ಪಿವಿಸಿ ಪೈಪಿನೊಳಗೆ. ಕೊಳಾಯಿ ಅಂಗಡಿಯಲ್ಲಿ 4 ಇಂಚಿನ ಪೈಪು, ಎರಡು ಮುಚ್ಚಳ ಸಿಗುತ್ತವೆ. ಹಳೆ ಪೇಪರನ್ನು ಚಿತ್ರಕ್ಕೆ ನೇರ ತಾಗಿಸಬೇಡಿ, ಅದರ ಶಾಯಿ ಹತ್ತುತ್ತದೆ. ಹಲಗೆ ಮೇಲೆ ಮಣ್ಣು ಬಳಿದು ಬರೆದದ್ದನ್ನು ಚಪ್ಪಟೆ ಪೆಟ್ಟಿಗೆಯಲ್ಲೇ ಕಳಿಸಿ, ನಾಲ್ಕು ಮೂಲೆಗೂ ರಟ್ಟು ಮಡಚಿ ಹಾಕಿ. ಕಳಿಸುವ ಮೊದಲು ಪೂರ್ತಿ ಪಾರ್ಸೆಲ್‌ನ ಫೋಟೊ ತೆಗೆಯಿರಿ.

ಜೊತೆಗೆ ಒಂದು ಚೀಟಿ ಇಡಿ: ಒದ್ದೆ ಬಟ್ಟೆಯಿಂದ ಒರೆಸಬಾರದು, ಗಾಜು ಹಾಕಿಸಿದರೆ ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಡಬೇಕು. ನಮ್ಮ ಒಂದು ಚಿತ್ರವನ್ನು ಕೊಂಡವರು ಪ್ರೀತಿಯಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು, ಮೂರು ಎಳೆ ಹೋಯಿತು. ಚೀಟಿ ಇಡದೆ ಹೋದದ್ದು ನಮ್ಮ ತಪ್ಪು. ಅವ್ವ ಇನ್ನೊಂದು ಬರೆದು ಕಳಿಸಿದಳು.

ಅಪ್ಪನ ಭತ್ತದ ತೋರಣ ವಿದೇಶಕ್ಕೆ ಕಳಿಸುವ ಮುಂಚೆ ಆ ದೇಶದ ನಿಯಮ ವಿಚಾರಿಸಿಕೊಳ್ಳಿ. ಬೀಜ, ಒಣಗಿದ ತೆನೆಗಳ ಬಗ್ಗೆ ಬಹಳ ದೇಶಗಳಲ್ಲಿ ಕಟ್ಟುನಿಟ್ಟು ಇದೆ, ಕಸ್ಟಮ್ಸಿನಲ್ಲೇ ನಾಶ ಮಾಡಬಹುದು. ಒಳದೇಶಕ್ಕೂ ಇಲಿ ಕಡಿಯದಂಥ ಗಟ್ಟಿ ಡಬ್ಬದಲ್ಲೇ ಹಾಕಿ.

9. ವರ್ಷಕ್ಕೊಂದು ದಿನ ಎಲ್ಲರೂ ಕೂರುವುದು

ಗ್ಯಾಲರಿ ಮಾಡಿದ ಉತ್ಸಾಹ ಆರು ತಿಂಗಳಿಗೆ ಇಳಿಯುತ್ತದೆ. ಅದಕ್ಕೇ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮದು ಭೂಮಿ ಹುಣ್ಣಿಮೆಯ ಮಾರನೇ ದಿನ. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಿರುತ್ತಾರೆ. ನೋಟ್‌ಬುಕ್ಕು ತೆಗೆದು, ಒಂದೊಂದೇ ನಂಬರ್ ಓದಿ, "ಈಗ ಎಲ್ಲಿದೆ" ಕಾಲಂ ತಿದ್ದುತ್ತೇವೆ. ಮಾರಿಹೋದದ್ದನ್ನು ಸೈಟಿನಿಂದ ತೆಗೆಯುವುದಿಲ್ಲ. ಬೆಲೆ ಅಳಿಸಿ, ಯಾವ ಊರಿಗೆ ಹೋಯಿತು ಅಂತ ಮಾತ್ರ ಬರೆಯುತ್ತೇವೆ, ಕೊಂಡವರ ಹೆಸರು ಹಾಕುವುದಿಲ್ಲ. ಡೊಮೇನಿನ ದುಡ್ಡು ಕಟ್ಟುವುದು, ಹಾರ್ಡ್‌ಡಿಸ್ಕು ತೆರೆಯುತ್ತದಾ ನೋಡುವುದು, ಪುಟಗಳಿಗೆ ಹೊಸದು ಸೇರಿಸುವುದು ಎಲ್ಲ ಅವತ್ತೇ.

ಈ ಸಲ ಅಕ್ಕನ ಮಗಳು ಓದುತ್ತಾ ಹೋದಳು, ಅವ್ವ ಉತ್ತರ ಹೇಳುತ್ತಾ ಹೋದಳು. 41, ಬೆಂಗಳೂರಿಗೆ ಹೋಯಿತು. 42, ಅಟ್ಟದ ಮೇಲಿದೆ. 43 ನಮ್ಮ ಹಳೇ ಪಡಸಾಲೆಯ ಗೋಡೆಯ ಹಸೆ, ತಮ್ಮನ ಮದುವೆಗೆ ಬರೆದದ್ದು. "ಅದು ಹೋದ ಮಳೆಗಾಲ ಗೋಡೆ ಜೊತೆ ಬಿತ್ತಲ್ಲೇ" ಅಂದಳು ಅವ್ವ. ಹುಡುಗಿ ಹಾಗೇ ಬರೆದುಕೊಂಡಳು. ಗೋಡೆ ಬಿದ್ದ ತಿಂಗಳು ಯಾವುದು ಅಂತ ಕೇಳಿ ಅದನ್ನೂ ಬರೆದು, ಫೋಟೊ ಇದೆ ಅಂತ ಪಕ್ಕದಲ್ಲಿ ಗುರುತು ಹಾಕಿ, 44 ಓದಿದಳು.